ಕಂಪ್ಯೂಟರಿನಲ್ಲಿ ಬೆಳಕಿಂಡಿ ಕೊರೆಯುವಾಗ

ಏಪ್ರಿಲ್ ಕೊನೆಯ ವಾರ. ಗಡಿಯಾರದಲ್ಲಿ ಹನ್ನೆರಡು ಇಪ್ಪತ್ತೈದು. ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪದ ಹತ್ತಿರದ ಒಂದು ಲಂಬಾಣಿ ತಾಂಡಾ. ಹೊಸದಾಗಿ ಕಟ್ಟಿದ ಮನೆಯ ನಡುಮನೆಯಲ್ಲಿ ಆ ಮನೆಯ ಯಾಡಿ, ಅಂದರೆ ತಾಯಿ, ಚಾಪೆ ಹಾಸಿಕೊಂಡು ಕಾಂಚಳಿಗೆ, ಅಂದರೆ ರವಿಕೆಗೆ, ಕನ್ನಡಿ ಹೊಲಿಯುತ್ತ ಕೂತಿದ್ದರು. ತಲೆಯ ಮೇಲೆ ಎರಡಡಿ ಮೂರಡಿಯ ಸ್ಕೈಲೈಟ್. ಬಿಸಿಲು ನೆಟ್ಟಗೆ ಅವರ ಮಡಿಲಿಗೇ ಇಳಿದಿತ್ತು. ಉಗುರಿನಷ್ಟಗಲದ ಕನ್ನಡಿ ಚೂರುಗಳು ಒಂದೊಂದೂ ಆ ಬಿಸಿಲನ್ನು ತಿರುಗಿ ಅವರ ಕಣ್ಣಿಗೆ ಎಸೆಯುತ್ತಿದ್ದವು. ಗೋಡೆ ತುಂಬ ಬೆಳಕಿನ ಚುಕ್ಕಿ. ಸೂಜಿಗೆ ದಾರ ಪೋಣಿಸಲು ಎರಡು ಮೂರು ಸಲ ನೋಡಿದರು, ಆಗಲಿಲ್ಲ. ಸೆರಗನ್ನು ಹಣೆಯ ಮೇಲೆ ಎಳೆದುಕೊಂಡು ಚಾಪೆ ಸಮೇತ ಗೋಡೆ ಮಗ್ಗುಲಿಗೆ ಸರಿದರು.

ಆ ಮನೆಯ ನಕ್ಷೆ ನಾನು ಬರೆದದ್ದು. ಅವರು ಕೂತು ಹೊಲಿಯುವ ಜಾಗಕ್ಕೆ ಬೆಳಕು ಬೀಳಲಿ ಎಂದೇ ಅಲ್ಲಿ ಕಿಂಡಿ ಇಟ್ಟಿದ್ದೆ. ಕಂಪ್ಯೂಟರಿನ ಮಾದರಿಯಲ್ಲಿ ಏಪ್ರಿಲ್ ಮಧ್ಯಾಹ್ನದ ಬಿಸಿಲು ಅವರಿಂದ ಸುಮಾರು ಐದಡಿ ಉತ್ತರಕ್ಕೆ ಬಿದ್ದಿತ್ತು. ಮನೆಗೆ ಬಂದು ಫೈಲ್ ತೆಗೆದು ನೋಡಿದೆ. ಗೋಡೆ, ಬಾಗಿಲು, ಮೆಟ್ಟಿಲು ಎಲ್ಲ ಅಂಗುಲ ಬಿಡದೆ ಸರಿ ಇದ್ದವು. ಊರು ಮಾತ್ರ ಹಾಕಿರಲಿಲ್ಲ. ಸಾಫ್ಟ್‌ವೇರ್ ತಾನಾಗಿ ಹಿಡಿದುಕೊಂಡಿದ್ದ ಊರು ಅಮೆರಿಕದ್ದು, 40 ಡಿಗ್ರಿ ಅಕ್ಷಾಂಶದಲ್ಲಿ ಇರುವಂಥದ್ದು. ನಾನು ಸೂರಗೊಂಡನಕೊಪ್ಪದ ಮನೆಗೆ ಅಮೆರಿಕದ ಸೂರ್ಯನನ್ನು ನಂಬಿ ಕಿಂಡಿ ಕೊರೆದಿದ್ದೆ.

ಈಗ ನಮ್ಮ ತಾಲ್ಲೂಕುಗಳಲ್ಲೂ ಮನೆ ಕಟ್ಟುವವರು ಸ್ಕೈಲೈಟ್ ಕೇಳುತ್ತಾರೆ. ನಿವೇಶನ ಸಣ್ಣದು, ಎರಡೂ ಮಗ್ಗುಲಲ್ಲಿ ಪಕ್ಕದವರ ಗೋಡೆ. ನಡುಮನೆಗೆ ಬೆಳಕು ಬರಬೇಕೆಂದರೆ ಮೇಲಿನಿಂದಲೇ ಬರಬೇಕು. ನಕ್ಷೆ ಬರೆಯುವ ಹುಡುಗರು, ಡಿಪ್ಲೊಮಾ ಓದುವ ಹುಡುಗಿಯರು, ತಮ್ಮ ಮನೆಯನ್ನು ತಾವೇ ಮಾದರಿ ಮಾಡಿ ನೋಡುವ ಆಸೆ ಇರುವವರು ಎಷ್ಟೋ ಜನ. ಅವರಿಗಾಗಿ ಇದು.

ಮೊದಲು ಸೂರ್ಯ. ಸೂರಗೊಂಡನಕೊಪ್ಪ 14 ಡಿಗ್ರಿ ಉತ್ತರ ಅಕ್ಷಾಂಶಕ್ಕಿಂತ ಚೂರು ಮೇಲಿದೆ. ಇಲ್ಲಿ ವರ್ಷಕ್ಕೆ ಎರಡು ಸಲ ಸೂರ್ಯ ನೆತ್ತಿಯ ಮೇಲೆ ನೇರ ನಿಲ್ಲುತ್ತಾನೆ: ಏಪ್ರಿಲ್ ಕೊನೆಯ ವಾರದಲ್ಲಿ ಒಮ್ಮೆ, ಆಗಸ್ಟ್ ಮಧ್ಯದಲ್ಲಿ ಇನ್ನೊಮ್ಮೆ. ಆಗಸ್ಟ್ 15ರಂದು ಮೋಡ ಬಿಟ್ಟುಕೊಟ್ಟರೆ, ಸುಮಾರು 12:32ಕ್ಕೆ ಶಾಲೆಯ ಧ್ವಜಸ್ತಂಭದ ಬುಡಕ್ಕೆ ಹೋಗಿ ನಿಂತು ನೋಡಿ. ನೆರಳು ಹೆಚ್ಚುಕಡಿಮೆ ಇರುವುದೇ ಇಲ್ಲ. ಈ ಎರಡು ದಿನಗಳ ನಡುವೆ, ಅಂದರೆ ಮೇ, ಜೂನ್, ಜುಲೈ ಪೂರ್ತಿ, ಮಧ್ಯಾಹ್ನದ ಸೂರ್ಯ ನಮಗೆ ಉತ್ತರದಲ್ಲಿರುತ್ತಾನೆ. ಯುರೋಪು, ಅಮೆರಿಕದ ಪುಸ್ತಕಗಳಲ್ಲಿ ಓದಿದವರು ‘ಉತ್ತರಕ್ಕೆ ಮುಖ ಮಾಡಿದ ಕಿಂಡಿಗೆ ಬಿಸಿಲೇ ಬರದು’ ಎಂದು ಹೇಳುವುದುಂಟು. ನಮ್ಮ ಊರಿಗೆ ಆ ಮಾತು ಹೊಂದುವುದಿಲ್ಲ. ಜೂನ್ ತಿಂಗಳಲ್ಲಿ ಬೆಳಿಗ್ಗೆ ಈಶಾನ್ಯದಿಂದ, ಸಂಜೆ ವಾಯವ್ಯದಿಂದ ಬಿಸಿಲು ಆ ಕಿಂಡಿಯೊಳಗೆ ನುಗ್ಗಿಯೇ ನುಗ್ಗುತ್ತದೆ.

ಗಡಿಯಾರದ ಹನ್ನೆರಡಕ್ಕೂ ಸೂರ್ಯನ ಮಧ್ಯಾಹ್ನಕ್ಕೂ ವ್ಯತ್ಯಾಸವಿದೆ. ಭಾರತದ ಗಡಿಯಾರ 82.5 ಡಿಗ್ರಿ ರೇಖಾಂಶಕ್ಕೆ ಕಟ್ಟಿದ್ದು. ನಾವಿರುವುದು ಅದಕ್ಕಿಂತ ಸುಮಾರು 7 ಡಿಗ್ರಿ ಪಶ್ಚಿಮಕ್ಕೆ. ಡಿಗ್ರಿಗೆ ನಾಲ್ಕು ನಿಮಿಷದ ಲೆಕ್ಕದಲ್ಲಿ ನಮ್ಮ ಮಧ್ಯಾಹ್ನ ಅರ್ಧ ಗಂಟೆಗೆ ಸ್ವಲ್ಪ ಕಡಿಮೆ ತಡ. ಇದರ ಮೇಲೆ ಋತುವಿಗೆ ತಕ್ಕಂತೆ ಕೆಲವು ನಿಮಿಷ ಹಿಂದೆಮುಂದೆ. ಲಂಬಾಣಿಗರ ಗುರು ಸಂತ ಸೇವಾಲಾಲರ ಜಯಂತಿಯ ದಿನ, ಫೆಬ್ರುವರಿ 15ರಂದು, ಸೂರಗೊಂಡನಕೊಪ್ಪದ ಭಾಯಾಗಡದಲ್ಲಿ ಮಾಲಾಧಾರಿಗಳು ತುಂಬಿರುವ ಹೊತ್ತಿನಲ್ಲಿ, ಸೂರ್ಯ ತನ್ನ ದಿನದ ತುತ್ತತುದಿ ಮುಟ್ಟುವುದು ಸುಮಾರು 12:42ಕ್ಕೆ. ಹಾಗಾಗಿ ಸಾಫ್ಟ್‌ವೇರಿನಲ್ಲಿ ಊರು ಹಾಕಿದ ಮೇಲೆ ಸಮಯವಲಯ 5 ಗಂಟೆ 30 ನಿಮಿಷ ಮುಂದೆ ಎಂದು ಇದೆಯೇ ನೋಡಬೇಕು. ಆಮೇಲೆ ಉತ್ತರ ದಿಕ್ಕು. ಸ್ಕೆಚ್‌ಅಪ್ ಎಂಬ ತಂತ್ರಾಂಶದಲ್ಲಿ ಹಸಿರು ಅಕ್ಷದ ಗಟ್ಟಿ ಗೆರೆಯ ಕಡೆಯೇ ಉತ್ತರ. ರೆವಿಟ್ ಎಂಬ ಇನ್ನೊಂದರಲ್ಲಿ ಹಾಳೆಯ ಉತ್ತರ ಬೇರೆ, ನಿಜವಾದ ಉತ್ತರ ಬೇರೆ. ಎರಡನೆಯದನ್ನು ನಿವೇಶನಕ್ಕೆ ತಕ್ಕಂತೆ ತಿರುಗಿಸದೆ ಬಿಟ್ಟರೆ ನೆರಳೆಲ್ಲ ಸುಳ್ಳು. ನಿವೇಶನದಲ್ಲಿ ಮೊಬೈಲಿನ ದಿಕ್ಸೂಚಿ ಸಾಕು, ಆದರೆ ಕಬ್ಬಿಣದ ರಾಶಿಯಿಂದ ದೂರ ನಿಂತು ನೋಡಿ.

ಇಷ್ಟೆಲ್ಲ ಮಾಡಿದ ಮೇಲೆ ಸಾಫ್ಟ್‌ವೇರ್ ಸರಿ ಹೇಳುತ್ತಿದೆಯೋ ಇಲ್ಲವೋ ಎಂದು ತಿಳಿಯುವುದು ಹೇಗೆ? ನಾನೀಗ ಪ್ರತಿ ಫೈಲಿನಲ್ಲೂ ಒಂದು ಸಣ್ಣ ಪರೀಕ್ಷೆ ಮಾಡುತ್ತೇನೆ. ಸಮತಟ್ಟಾದ ಚಾವಣಿ, ನೆಲದಿಂದ 10 ಅಡಿ ಎತ್ತರದಲ್ಲಿ ಒಂದಡಿ ಚೌಕದ ತೂತು. ಡಿಸೆಂಬರ್ 21ರ ಮಧ್ಯಾಹ್ನ ನಮ್ಮಲ್ಲಿ ಸೂರ್ಯನ ಎತ್ತರ ಸುಮಾರು 52 ಡಿಗ್ರಿ. ಬಿಸಿಲಿನ ಚೌಕ ತೂತಿನ ನೇರ ಕೆಳಗಿನಿಂದ ಏಳೂವರೆ ಅಡಿಗಿಂತ ಚೂರು ಹೆಚ್ಚು ಉತ್ತರಕ್ಕೆ ಬೀಳಬೇಕು. ಫೆಬ್ರುವರಿ 15ಕ್ಕೆ 63 ಡಿಗ್ರಿ, ಚೌಕ ಐದಡಿ ಉತ್ತರಕ್ಕೆ. ಏಪ್ರಿಲ್ 28ರ ಸುಮಾರಿಗೆ ನೇರ ಕೆಳಗೆ. ಜೂನ್ 21ಕ್ಕೆ ಸೂರ್ಯ ಉತ್ತರದ ಕಡೆ 81 ಡಿಗ್ರಿಯಲ್ಲಿರುವುದರಿಂದ ಚೌಕ ಒಂದೂವರೆ ಅಡಿ ದಕ್ಷಿಣಕ್ಕೆ. ಜೂನ್ ತಿಂಗಳ ಚೌಕ ಉತ್ತರಕ್ಕೆ ಬಿತ್ತೋ, ಅಕ್ಷಾಂಶ ತಪ್ಪಿದೆ ಎಂದೇ ತಿಳಿಯಿರಿ. ನನ್ನ ಹಳೆಯ ಫೈಲಿನಲ್ಲಿ ಆದದ್ದು ಅದೇ. ಐದು ನಿಮಿಷದ ಈ ಕೆಲಸ ಮಾಡಿದ್ದರೆ ಯಾಡಿಯ ಚಾಪೆ ಸರಿಯಬೇಕಾಗಿರಲಿಲ್ಲ.

ಇನ್ನು ಕಿಂಡಿಯ ವಿಷಯ. ನನ್ನ ಅಜ್ಜಿಯ ಮನೆ ಜಗಳೂರು ಕಡೆಯ ಮಾಳಿಗೆ ಮನೆ. ಮಣ್ಣಿನ ಮಾಳಿಗೆ ಒಂದಡಿಗೂ ದಪ್ಪ. ಅಡುಗೆಮನೆಯ ನೆತ್ತಿಯಲ್ಲಿ ಒಂದು ಬೆಳಕಿಂಡಿ. ಮೇಲೆ ಹತ್ತಿ ನೋಡಿದರೆ ಅದರ ಸುತ್ತ ಗೇಣೆತ್ತರದ ಕಟ್ಟೆ, ಪಕ್ಕದಲ್ಲಿ ಒಂದು ಚಪ್ಪಡಿ ಕಲ್ಲು. ಮಳೆ ಹನಿ ಬಿದ್ದರೆ ಸಾಕು, ‘ಬೆಳಕಿಂಡಿ ಮುಚ್ಚು ಹೋಗೋ’ ಎಂದು ಅಜ್ಜಿ ನಮ್ಮನ್ನು ಏಣಿ ಹತ್ತಿಸುತ್ತಿದ್ದಳು. ಮಾಳಿಗೆಯ ಮೇಲೆ ಹರಿಯುವ ನೀರನ್ನು ಕಟ್ಟೆ ತಡೆಯುತ್ತಿತ್ತು, ಮೇಲಿನಿಂದ ಬೀಳುವ ನೀರನ್ನು ಕಲ್ಲು ತಡೆಯುತ್ತಿತ್ತು. ಒಂದಡಿ ದಪ್ಪದ ಮಣ್ಣು ತಾನೇ ಒಂದು ಬಾವಿಯಂತೆ ನಿಂತು, ಓರೆ ಬಿಸಿಲನ್ನು ತನ್ನ ಮೈಗೆ ತಾಗಿಸಿಕೊಂಡು ಮೆತ್ತಗಿನ ಬೆಳಕನ್ನಷ್ಟೇ ಕೆಳಗಿಳಿಸುತ್ತಿತ್ತು. ಕಟ್ಟೆ, ಮುಚ್ಚಳ, ಬಾವಿ. ಇವತ್ತಿನ ಯಾವ ಸ್ಕೈಲೈಟಿಗೂ ಬೇಕಾದದ್ದು ಈ ಮೂರೇ. ಮಾದರಿ ಮಾಡುವವರು ಸಾಮಾನ್ಯವಾಗಿ ಮುಚ್ಚಳವನ್ನು, ಅಂದರೆ ಗಾಜನ್ನು ಮಾತ್ರ ಬರೆದು ಮುಗಿಸುತ್ತಾರೆ.

ನಮ್ಮ ಕಡೆ ಹೆಚ್ಚು ಜನ ಬಳಸುವುದು ಸ್ಕೆಚ್‌ಅಪ್. ಅದರಲ್ಲಿ ತೊಂದರೆ ಆಗುವ ಜಾಗ ಹೀಗಿದೆ. ಸ್ಕೈಲೈಟನ್ನು ಕಾಂಪೊನೆಂಟ್ ಮಾಡಿ, ‘ಕಟ್ ಓಪನಿಂಗ್’ ಗುರುತು ಹಾಕಿ ಚಾವಣಿಯ ಮೇಲೆ ಅಂಟಿಸುತ್ತೀರಿ. ಹೊರಗಿನಿಂದ ತೂತು ಚೆನ್ನಾಗಿ ಕಾಣುತ್ತದೆ. ಒಳಗೆ ಹೋಗಿ ತಲೆಯೆತ್ತಿದರೆ ಚಾವಣಿ ಮುಚ್ಚಿಯೇ ಇದೆ! ಕಾರಣ ಇಷ್ಟೇ: ಆ ಸೌಲಭ್ಯ ಒಂದು ಮುಖವನ್ನು ಮಾತ್ರ ಕತ್ತರಿಸುತ್ತದೆ. ಐದಂಗುಲ ದಪ್ಪದ ಸ್ಲ್ಯಾಬಿಗೆ ಮೇಲೊಂದು ಮುಖ, ಕೆಳಗೊಂದು ಮುಖ. ಕೆಳಗಿನದು ಹಾಗೇ ಉಳಿದಿರುತ್ತದೆ. ಆದ್ದರಿಂದ ತೂತನ್ನು ಕೈಯಾರೆ ಕೊರೆಯುವುದೇ ಒಳ್ಳೆಯದು. ಚಾವಣಿಯ ಗುಂಪಿನ ಒಳಗೆ ಹೋಗಿ, ಮೇಲ್ಮುಖದಲ್ಲಿ ಆಯತ ಬರೆದು, ‘ಪುಶ್ ಪುಲ್’ನಿಂದ ಕೆಳಮುಖ ತಾಗುವವರೆಗೆ ಒತ್ತಿದರೆ ಆಚೆಗೆ ತೂತು ಬೀಳುತ್ತದೆ. ಎರಡೂ ಮುಖ ಸಮಾನಾಂತರವಾಗಿದ್ದರೆ ಮಾತ್ರ ಇದು ಆಗುವುದು. ಇಳಿಜಾರಿನ ಚಾವಣಿಯಲ್ಲಿ ಈ ತೂತು ಇಳಿಜಾರಿಗೆ ಲಂಬವಾಗಿ ಬರುತ್ತದೆ, ನೆಲಕ್ಕೆ ಲಂಬವಾಗಿ ಅಲ್ಲ. ನೆಟ್ಟಗೆ ಇಳಿಯುವ ಬಾವಿ ಬೇಕಿದ್ದರೆ ಚಾವಣಿಯನ್ನು ಹಾಯ್ದು ನಿಲ್ಲುವ ಒಂದು ಪೆಟ್ಟಿಗೆ ಬರೆದು, ಎರಡೂ ಕೂಡುವ ಗೆರೆಗಳನ್ನು ‘ಇಂಟರ್‌ಸೆಕ್ಟ್ ಫೇಸಸ್’ನಿಂದ ಪಡೆದು, ಬೇಡದ ಮುಖಗಳನ್ನು ಅಳಿಸಬೇಕು.

ಗಾಜಿನದು ಇನ್ನೊಂದು ಕತೆ. ಸ್ಕೆಚ್‌ಅಪ್‌ನಲ್ಲಿ ಗಾಜಿಗೆ ಕೊಡುವ ಬಣ್ಣದ ಅಪಾರದರ್ಶಕತೆ ಶೇ 70 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಅದು ಗೋಡೆಯಷ್ಟೇ ಗಟ್ಟಿ ನೆರಳು ಬೀಳಿಸುತ್ತದೆ; ಕಡಿಮೆ ಇದ್ದರೆ ನೆರಳೇ ಇಲ್ಲ. ನಡುವಿನದೇನೂ ಇಲ್ಲ. ಹಾಲುಗಾಜು ಎಂದು 80 ಇಟ್ಟರೆ ಕೋಣೆ ಕತ್ತಲು, ‘ಈ ಸ್ಕೈಲೈಟ್ ಕೆಲಸಕ್ಕೆ ಬರಲ್ಲ’ ಎಂದು ಮನೆಯವರ ಮುಂದೆ ತಪ್ಪು ತೀರ್ಪು. ಇದರ ಜೊತೆಗೆ, ಈ ನೆರಳಿನ ಚಿತ್ರ ತೋರಿಸುವುದು ನೇರ ಬಿಸಿಲನ್ನು ಮಾತ್ರ. ಆಕಾಶದ ಬೆಳಕು, ಸುಣ್ಣ ಬಳಿದ ಗೋಡೆಯಿಂದ ಚಿಮ್ಮುವ ಬೆಳಕು ಅದರ ಲೆಕ್ಕದಲ್ಲಿ ಇಲ್ಲ. ನಿಜವಾದ ಸ್ಕೈಲೈಟಿನಿಂದ ದಿನದ ಬಹುಪಾಲು ಹೊತ್ತು ಬರುವುದು ಆ ಬೆಳಕೇ. ಅದನ್ನು ನೋಡಬೇಕಿದ್ದರೆ ಬ್ಲೆಂಡರಿನ ಸೈಕಲ್ಸ್‌ನಂತಹ, ಬೆಳಕು ಪುಟಿಯುವುದನ್ನು ಲೆಕ್ಕ ಹಾಕುವ ರೆಂಡರ್ ಬೇಕು. ಬ್ಲೆಂಡರ್ ಉಚಿತ, ಅದಕ್ಕೆ ‘ಸನ್ ಪೊಸಿಷನ್’ ಎಂಬ ಸೇರ್ಪಡೆ ಇದೆ, ಅಕ್ಷಾಂಶ ರೇಖಾಂಶ ಕೊಟ್ಟರೆ ಸೂರ್ಯನನ್ನು ಸರಿಯಾದ ಜಾಗದಲ್ಲಿ ನಿಲ್ಲಿಸುತ್ತದೆ. ಒಂದು ಎಚ್ಚರಿಕೆ: ರೆಂಡರ್ ಚಿತ್ರದ ಹೊಳಪನ್ನು ಕೈಯಲ್ಲಿ ಎಷ್ಟು ಬೇಕಾದರೂ ಏರಿಸಬಹುದು. ಸುಂದರ ಚಿತ್ರ ನೋಡಿ ಮನೆಯವರು ಒಪ್ಪಿಬಿಡುತ್ತಾರೆ. ಬೆಳಕು ಎಷ್ಟು ಲಕ್ಸ್ ಎಂದು ಅಂಕಿಯಲ್ಲಿ ಬೇಕಾದವರು ರೇಡಿಯನ್ಸ್ ಎಂಬ ಉಚಿತ ತಂತ್ರಾಂಶವನ್ನು ಕಲಿಯಬೇಕು. ಕಲಿಯುವುದು ಕಷ್ಟ, ಆದರೆ ಅದು ಕೊಡುವುದು ಚಿತ್ರದ ಸೊಗಸಲ್ಲ, ಲೆಕ್ಕ.

ರೆವಿಟ್‌ನಲ್ಲಿ ಸ್ಕೈಲೈಟ್ ಕಿಟಕಿಯ ಜಾತಿಗೆ ಸೇರಿದ ಫ್ಯಾಮಿಲಿ. ಚಾವಣಿಯನ್ನೇ ಆಶ್ರಯಿಸುವಂತೆ ಮಾಡಿದ ಫ್ಯಾಮಿಲಿಯನ್ನು ಮೊದಲು ಲೋಡ್ ಮಾಡಿಕೊಳ್ಳಬೇಕು, ಗೋಡೆಯ ಕಿಟಕಿಯನ್ನು ಚಾವಣಿಗೆ ಕೂರಿಸಲು ಬರುವುದಿಲ್ಲ. ಅದು ಚಾವಣಿಯನ್ನು ಕತ್ತರಿಸುತ್ತದೆ, ಕೆಳಗಿನ ಫಾಲ್ಸ್ ಸೀಲಿಂಗನ್ನು ಮುಟ್ಟುವುದಿಲ್ಲ. ಸೀಲಿಂಗಿಗೆ ಬೇರೆ ತೆರವು ಕೊಡಬೇಕು, ಅಥವಾ ಎರಡನ್ನೂ ಹಾಯುವ ‘ಶಾಫ್ಟ್ ಓಪನಿಂಗ್’ ಬಳಸಬೇಕು. ನಡುವಿನ ಬಾವಿಯ ಗೋಡೆಗಳನ್ನು ನೀವೇ ಕಟ್ಟಬೇಕು. ಆರ್ಕಿಕ್ಯಾಡ್‌ನಲ್ಲಿ ಸ್ಕೈಲೈಟಿಗೆ ಪ್ರತ್ಯೇಕ ಉಪಕರಣವೇ ಇದೆ, ಆದರೆ ಅದು ‘ರೂಫ್’ ಮತ್ತು ‘ಶೆಲ್’ ಮೇಲೆ ಕೂರುತ್ತದೆ. ನಮ್ಮ ಸಮತಟ್ಟು ಚಾವಣಿಯನ್ನು ‘ಸ್ಲ್ಯಾಬ್’ ಎಂದು ಬರೆದಿದ್ದರೆ ಒಪ್ಪುವುದಿಲ್ಲ. ಹಣ ಕೊಡದೆ ಕಲಿಯಬೇಕೆನ್ನುವವರಿಗೆ ಫ್ರೀಕ್ಯಾಡ್ ಇದೆ. 2024ರ ನವೆಂಬರಿನಲ್ಲಿ ಅದರ 1.0 ಆವೃತ್ತಿ ಬಂದಿತು, ಕಟ್ಟಡ ಮಾದರಿಯ ವಿಭಾಗ ಅದರೊಳಗೇ ಸೇರಿದೆ.

ಬಾವಿಯ ಆಕಾರದ ಬಗ್ಗೆ ಒಂದು ಮಾತು. ಇಳಿಜಾರು ಚಾವಣಿಯ ಕೆಳಗೆ ಸಮತಟ್ಟು ಸೀಲಿಂಗ್ ಇದ್ದರೆ, ಬಾವಿಯ ಕೆಳಬದಿಯ ಗೋಡೆಯನ್ನು ನೆಲಕ್ಕೆ ಲಂಬವಾಗಿ, ಮೇಲ್ಬದಿಯದನ್ನು ಓರೆಯಾಗಿ ಹೊರಕ್ಕೆ ಬಿಚ್ಚಿಕೊಳ್ಳುವಂತೆ ಮಾಡಿದರೆ ಬೆಳಕು ಹರಡಿ ಬೀಳುತ್ತದೆ. ಒಳಗೆ ಬಿಳಿ ಸುಣ್ಣ. ಬಾವಿ ಆಳವಾದಷ್ಟೂ ಕಿರಿದಾದಷ್ಟೂ ಬೆಳಕು ದಾರಿಯಲ್ಲೇ ಕರಗುತ್ತದೆ.

ಅಳತೆಗೆ ಬರೋಣ. ಹತ್ತಡಿ ಹನ್ನೆರಡಡಿಯ ಕೋಣೆಗೆ ಎರಡಡಿ ಮೂರಡಿಯ ಕಿಂಡಿ ಎಂದರೆ ನೆಲದ ಶೇ 5. ಅದಕ್ಕಿಂತ ಹೆಚ್ಚು ಬೇಡ ಎನ್ನುವುದು ನನ್ನ ಅಭಿಪ್ರಾಯ, ಬಿಸಿಲು ಜೋರಿರುವ ಜಗಳೂರು ಕಡೆಗಂತೂ ಇನ್ನೂ ಕಡಿಮೆ ಸಾಕು. ವಾಣಿಜ್ಯ ಕಟ್ಟಡಗಳಿಗಾಗಿ ಬಂದ 2017ರ ಇಂಧನ ಸಂರಕ್ಷಣಾ ಕಟ್ಟಡ ಸಂಹಿತೆ ಕೂಡ ಸ್ಕೈಲೈಟ್ ಒಟ್ಟು ಚಾವಣಿಯ ಶೇ 5 ದಾಟಬಾರದು, ಗಾಜು ಒಳಬಿಡುವ ಬಿಸಿಲ ಕಾವಿನ ಪಾಲು 0.35 ಮೀರಬಾರದು ಎಂದಿತ್ತು. ಈ 0.35 ಏಕೆ ಮುಖ್ಯ ಎಂದರೆ, ಬೇಸಿಗೆಯ ನಡುಹಗಲಲ್ಲಿ ಚದರ ಮೀಟರಿಗೆ ಹತ್ತಿರಹತ್ತಿರ 1,000 ವ್ಯಾಟ್ ಬಿಸಿಲು ಬೀಳುತ್ತದೆ. ಎರಡಡಿ ಮೂರಡಿ ಎಂದರೆ 0.56 ಚದರ ಮೀಟರ್. ಸಾದಾ ಗಾಜು ಅದರಲ್ಲಿ ಹತ್ತಕ್ಕೆ ಎಂಟು ಪಾಲು ಒಳಬಿಟ್ಟರೆ 450 ವ್ಯಾಟ್: ಇಸ್ತ್ರಿ ಪೆಟ್ಟಿಗೆಯ ಅರ್ಧ ಕಾವನ್ನು ನಡುಮನೆಯ ನೆತ್ತಿಯಲ್ಲಿ ತೂಗುಹಾಕಿದಂತೆ. 0.35ರ ಗಾಜಾದರೆ 200ಕ್ಕೂ ಕಡಿಮೆ. ಗಾಜಿಗಿಂತ ಅಗ್ಗದ ದಾರಿ ಹೊರಗೇ ಬಿಸಿಲನ್ನು ತಡೆಯುವುದು. ಬೆಂಗಳೂರಿನ ಐಐಎಂ ಕಟ್ಟಡದಲ್ಲಿ ಬಿ.ವಿ. ದೋಶಿಯವರು ಕಲ್ಲುಗೋಡೆಯ ಓಣಿಗಳ ನೆತ್ತಿಗೆ ಅಡ್ಡತೊಲೆಗಳ ಸಾಲು ಹಾಯಿಸಿ ಬಿಸಿಲನ್ನು ಪಟ್ಟೆಪಟ್ಟೆಯಾಗಿ ಒಡೆದಿದ್ದಾರೆ. ನಮ್ಮ ಮನೆಗಳಲ್ಲಿ ಗಾಜಿನ ಮೇಲೆ ಬಿದಿರಿನ ತಟ್ಟಿಯೂ ಅದೇ ಕೆಲಸ ಮಾಡುತ್ತದೆ, ಮಾರ್ಚಿನಲ್ಲಿ ಹಾಕಿ ಮಳೆಗಾಲಕ್ಕೆ ತೆಗೆಯಬಹುದು.

ಚನ್ನಗಿರಿ, ಹೊನ್ನಾಳಿ ಕಡೆ ಹಂಚಿನ ಮನೆ ಇನ್ನೂ ಉಳಿಸಿಕೊಂಡವರಿಗೆ ಇಷ್ಟೆಲ್ಲ ಬೇಡ. ಮಂಗಳೂರು ಹಂಚಿನ ಅಚ್ಚಿನಲ್ಲೇ ಬರುವ ಗಾಜಿನ ಹಂಚು ಸಾಕು. ಚದರ ಮೀಟರಿಗೆ ಸುಮಾರು 15 ಹಂಚು ಕೂರುತ್ತವೆ. ಎಂಟೊಂಬತ್ತು ಗಾಜಿನ ಹಂಚು ಹಾಕಿದರೆ ಎರಡಡಿ ಮೂರಡಿಯ ಸ್ಕೈಲೈಟಿನಷ್ಟೇ ಬೆಳಕು. ಒಂದೇ ಕಡೆ ಗುಂಪಾಗಿ ಬೇಡ, ಚದುರಿಸಿ. ಅಡಕೆ ಬೇಯಿಸುವ ಮನೆಯಲ್ಲಿ ಒಲೆಯ ನೇರ ಮೇಲೆ ಹಾಕಿದರೆ ಮಸಿ ಹಿಡಿದು ಒಂದೇ ಹಂಗಾಮಿಗೆ ಕುರುಡಾಗುತ್ತದೆ. ಮಾದರಿಯಲ್ಲಿ ಒಂದೊಂದೇ ಹಂಚು ಬರೆಯುತ್ತ ಕೂರಬೇಡಿ, ಕಂಪ್ಯೂಟರ್ ಸುಸ್ತಾಗುತ್ತದೆ. ಚಾವಣಿಗೆ ಹಂಚಿನ ಚಿತ್ರ ಹೊದಿಸಿ, ಗಾಜಿನ ಹಂಚಿನ ಜಾಗದಲ್ಲಿ ಮಾತ್ರ ತೂತು ಕೊರೆಯಿರಿ.

ಕೊನೆಗೆ ಮೇಸ್ತ್ರಿಯ ಕೈಗೆ ಹೋಗುವ ಹಾಳೆ. ನೆಲನಕ್ಷೆಯನ್ನು ಕತ್ತರಿಸುವುದು ನೆಲದಿಂದ ನಾಲ್ಕಡಿ ಎತ್ತರದಲ್ಲಿ, ಹಾಗಾಗಿ ಸ್ಕೈಲೈಟ್ ಅದರಲ್ಲಿ ತಾನಾಗಿ ಕಾಣುವುದಿಲ್ಲ. ತುಂಡುಗೆರೆಯಲ್ಲಿ ನೀವೇ ಬರೆದು, ‘ಮೇಲೆ ತೆರವು’ ಎಂದು ಕನ್ನಡದಲ್ಲೇ ಬರೆಯಿರಿ. ಸೆಂಟ್ರಿಂಗ್ ಹೊಡೆಯುವ ಮೊದಲೇ ಈ ಹಾಳೆ ಅಲ್ಲಿರಬೇಕು. ಸ್ಲ್ಯಾಬ್ ಹಾಕಿದ ಮೇಲೆ ಒಡೆದು ಕಿಂಡಿ ಮಾಡುವುದು ಕಬ್ಬಿಣ ಕತ್ತರಿಸಿದಂತೆ. ಯಾರು ಹೇಳಿದರೂ ಒಪ್ಪಬೇಡಿ. ತೆರವಿನ ನಾಲ್ಕೂ ಬದಿಗೆ ಹೆಚ್ಚಿನ ಸರಳು, ಮೂಲೆಗಳಲ್ಲಿ ಓರೆ ಸರಳು ಎಷ್ಟೆಂದು ಎಂಜಿನಿಯರ್ ಹೇಳಬೇಕು. ಜೊತೆಗೆ ಒಂದು ಅಡ್ಡಛೇದ ಚಿತ್ರ, ದೊಡ್ಡದಾಗಿ. ಅದರಲ್ಲಿ ಕಟ್ಟೆ ಸ್ಲ್ಯಾಬಿನ ಮೇಲಿನ ಗಾರೆಯಿಂದ ಆರಂಗುಲವಾದರೂ ಮೇಲೆದ್ದಿರಲಿ. ನೀರು ತಡೆಯುವ ಲೇಪ ಕಟ್ಟೆಯ ನೆತ್ತಿವರೆಗೂ ಹತ್ತಲಿ. ಗಾಜು ಕಟ್ಟೆಯಿಂದ ಹೊರಕ್ಕೆ ಚಾಚಿ, ನೀರು ನಿಲ್ಲದಷ್ಟು ಓರೆಯಾಗಿರಲಿ. ಗಾಜು ಎರಡು ಪದರದ ನಡುವೆ ಹಾಳೆ ಅಂಟಿಸಿದ ಲ್ಯಾಮಿನೇಟೆಡ್ ಗಾಜೇ ಆಗಬೇಕು. ಒಡೆದರೂ ಅದು ಚೂರಾಗಿ ತಲೆಯ ಮೇಲೆ ಬೀಳುವುದಿಲ್ಲ. ಕೋತಿಗಳು ಓಡಾಡುವ, ತೆಂಗಿನ ಮರ ಇರುವ ಊರು ನಮ್ಮದು. ಗಾಜಿನ ಕೆಳಗೆ ಸರಳಿನ ಜಾಲರಿಯನ್ನೂ ಮಾದರಿಯಲ್ಲೇ ಬರೆದುಬಿಡಿ, ಅದರ ನೆರಳೂ ಲೆಕ್ಕಕ್ಕೆ ಬರಲಿ.

ಆ ತಾಂಡಾದ ಮನೆಗೆ ಮತ್ತೆ ಹೋದೆ. ಫೈಲಿನಲ್ಲಿ ಊರು ಸರಿಪಡಿಸಿ, ವರ್ಷದ ಹನ್ನೆರಡು ತಿಂಗಳ ಬಿಸಿಲಿನ ಚೌಕವನ್ನು ಒಂದರ ಪಕ್ಕ ಒಂದು ಗುರುತಿಸಿಕೊಂಡಿದ್ದೆ. ಮಧ್ಯಾಹ್ನದ ಚೌಕ ಕಿಂಡಿಯಿಂದ ಉತ್ತರಕ್ಕೆ ಏಳೆಂಟು ಅಡಿ ಹೋಗುತ್ತದೆ. ದಕ್ಷಿಣಕ್ಕೆ ಬಂದರೆ ಅದರ ಅಂಚು ಎರಡೂವರೆ ಅಡಿ ದಾಟುವುದಿಲ್ಲ. ಬೆಳಿಗ್ಗೆ ಸಂಜೆಯ ಚೌಕಗಳು ಆಚೀಚೆ ಗೋಡೆಗಳ ಕಡೆ ಹೋಗುತ್ತವೆ. ಸುಣ್ಣದ ಕಡ್ಡಿಯಿಂದ ನೆಲದ ಮೇಲೆ, ಕಿಂಡಿಯ ನೇರ ಕೆಳಗಿನಿಂದ ನಾಲ್ಕಡಿ ದಕ್ಷಿಣಕ್ಕೆ, ಒಂದು ಗುರುತು ಹಾಕಿದೆ. ಯಾಡಿ ಅಲ್ಲಿಗೆ ಚಾಪೆ ಎಳೆದು ಕೂತರು. ಬಿಸಿಲಿನ ತುಂಡು ಅವರ ಮುಂದೆ ನೆಲದ ಮೇಲಿತ್ತು, ಮಡಿಲಲ್ಲಿ ಮೆತ್ತಗಿನ ಬೆಳಕು ಮಾತ್ರ. ಕನ್ನಡಿಗಳು ಸುಮ್ಮನಿದ್ದವು. ಸೂಜಿಯನ್ನು ಕಿಂಡಿಯ ಕಡೆ ಎತ್ತಿ ಹಿಡಿದರು, ಕೆಂಪು ದಾರ ಒಂದೇ ಸಲಕ್ಕೆ ಹಾಯಿತು.